ಒರೆ ಬಿಡದ ಬೇಟೆಗತ್ತಿ

ದೇವದುರ್ಗ

ಜರ್ಮನಿಯಲ್ಲಿ ಏನೇನು ನೋಡಿ ಬಂದಿರಿ ಎಂದು ರಾಯಚೂರಿನಲ್ಲಿ ನನ್ನನ್ನು ಕೇಳದವರಿಲ್ಲ. ತೀನ್ ಕಂದೀಲ್ ವೃತ್ತದ ಹತ್ತಿರದ ಕ್ಷೌರದಂಗಡಿಯವನಿಂದ ಹಿಡಿದು ನಮ್ಮ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅದೇ ಕುತೂಹಲ. ನಿಜ ಹೇಳಿದರೆ ಅವರಿಗೆ ನಿರಾಸೆಯಾಗುತ್ತದೆ. ಎಂಬತ್ತರ ದಶಕದ ಆ ಚಳಿಗಾಲದ ಆರು ವಾರಗಳಲ್ಲಿ ನಾನು ಕಣ್ಣಿಟ್ಟು ನೋಡಿದ್ದು ಒಬ್ಬ ಮುದುಕನ ಕೆಲಸದ ಮೇಜನ್ನು ಮತ್ತು ಅದರ ಮೇಲೆ ಮಲಗಿದ್ದ ನಮ್ಮ ಕಡೆಯ ಒಂದು ಬೇಟೆಗತ್ತಿಯನ್ನು. ಉಳಿದ ಜರ್ಮನಿ ನನಗೆ ಬಸ್ಸಿನ ಕಿಟಕಿಯಿಂದ ಕಂಡಷ್ಟೇ.

ನಾನು ಯಲ್ಲಪ್ಪ, ರಾಯಚೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ವರ್ಕ್‌ಶಾಪ್ ಕಲಿಸುವ ಮಾಸ್ತರ. ಉಪಕರಣಗಳ ಉಕ್ಕನ್ನು ಹದ ಮಾಡುವ ತರಬೇತಿಗೆಂದು ನನ್ನನ್ನೂ ಸಹೋದ್ಯೋಗಿ ವಾದಿರಾಜಾಚಾರ್ಯರನ್ನೂ ಸೋಲಿಂಗೆನ್ ಎಂಬ ಊರಿಗೆ ಕಳಿಸುವುದಾಗಿ ಆದೇಶ ಬಂತು. ಚೂರಿ, ಕತ್ತರಿ, ಕ್ಷೌರದ ಕತ್ತಿಗಳಿಗೆ ಹೆಸರಾದ ಊರದು. ಸುದ್ದಿ ಹೇಗೆ ಮುಟ್ಟಿತೋ, ದೇವದುರ್ಗದ ಸೋಮನಾಥ ನಾಯಕರು ಹೇಳಿಕಳಿಸಿದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾತ ಅವರು. ಎಂಬತ್ತರ ಹತ್ತಿರದ ವಯಸ್ಸು, ಎರಡೂ ಕಣ್ಣಿಗೆ ಪೊರೆ.

ಪಡಸಾಲೆಯಲ್ಲಿ ನನಗೆ ಕುರ್ಚಿ ಹಾಕಿಸಿ, ಚಹಾ ಕೊಡಿಸಿ, ಟ್ರಂಕಿನಿಂದ ಒಂದು ಗಂಟು ತೆಗೆಸಿದರು. ಒಳಗೆ ಒಂದೂವರೆ ಗೇಣು ಉದ್ದದ ತೊಗಲಿನ ಒರೆ. ಅದರ ಬಾಯಿಂದ ಜಿಂಕೆ ಕೊಂಬಿನ ಹಿಡಿಕೆಯೊಂದು ಹೊರಗೆ ಚಾಚಿತ್ತು.

“ನಮ್ಮಪ್ಪ ಶಿಕಾರಿಗೆ ಒಯ್ತಿದ್ದ ಕತ್ತಿ ಇದು, ಮಾಸ್ತರ. ನಮ್ಮ ಮುತ್ಯಾನ ಕಾಲದ್ದು. ನಲವತ್ತೆಂಟರಾಗ ನಿಜಾಮನ ಮ್ಯಾಲ ಪೊಲೀಸ್ ಆಕ್ಷನ್ ಆದಾಗ ಹತ್ಯಾರ ಎಲ್ಲಾ ಜಮಾ ಮಾಡ್ರಿ ಅಂದ್ರು. ನಮ್ಮಪ್ಪ ಇದೊಂದನ್ನ ಕೊಡಲಿಲ್ಲ. ನೆಲದಾಗಿನ ಜ್ವಾಳದ ಹಗೇದಾಗ ಹೂತಿಟ್ಟ. ತಗಿಯೂದ್ರಾಗ ಎರಡು ಮಳಿಗಾಲ ಹೋದ್ವು. ಅವತ್ತಿಂದ ಒರಿ ಬಿಟ್ಟಿಲ್ಲ.”

“ಎಳದು ನೋಡಿದ್ರೇನ್ರಿ?”

“ಇಬ್ಬರು ಹಿಡಕೊಂಡು ಎಳದೀವಿ. ಹಿಡಿಕಿ ಅಲ್ಲಾಡಾಕತ್ತು, ಬಿಟ್ಟೀವಿ. ನೀವು ಕತ್ತಿ ಮಾಡೋರ ಊರಿಗೇ ಹೊಂಟೀರಂತ. ಅಲ್ಲಿ ತಗಿಸಿಕೊಂಡು ಬರ್ರಿ. ಈ ಕಣ್ಣಾಗ ಇನ್ನೊಂದೀಟು ಬೆಳಕ ಅದ. ಅದು ಆರೋದ್ರೊಳಗ ನಮ್ಮಪ್ಪನ ಕತ್ತಿ ಅಲಗು ನೋಡಬೇಕು. ಒರಿ ಹರಿದರ ಹರೀಲಿ, ತೊಗಲಿಗೇನದ? ಅಲಗಿಗೆ ಮಾತ್ರ ಪೆಟ್ಟಾಗಬಾರ್ದು.”

ನಾನು ಆಗಲಿ ಎಂದೆ. ಉಕ್ಕಿನ ಮೇಲೆ ವರ್ಷಾನುಗಟ್ಟಲೆ ಪಾಠ ಮಾಡಿದ ಮನುಷ್ಯ ಒಂದು ಕತ್ತಿಯನ್ನು ಒರೆಯಿಂದ ಬಿಡಿಸಲಾರೆ ಎಂದು ಹೇಗೆ ಹೇಳುವುದು? ನನ್ನ ಜಂಬವೇ ನನ್ನನ್ನು ಸಿಕ್ಕಿಸಿತು.

ಹಿರೇಕೊಟ್ನೆಕಲ್

ಹೊರಡುವ ಹಿಂದಿನ ದಿನ ಅಪ್ಪನಿಗೆ ಹೇಳಿ ಬರಲು ಮಾನ್ವಿ ತಾಲೂಕಿನ ನನ್ನ ಊರಿಗೆ ಹೋದೆ. ಗಂಟು ಕೈಯಲ್ಲಿಯೇ ಇತ್ತು.

ನಮ್ಮದು ತೊಗಲು ಕೆಲಸದ ಮನೆ. ಅಜ್ಜ ದುರುಗಪ್ಪ, ಆಮೇಲೆ ಅಪ್ಪ, ಇಬ್ಬರೂ ಸುತ್ತಲಿನ ಊರುಗಳಿಗೆ ಮೆಟ್ಟು, ಬಾರುಕೋಲು, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿದುಕೊಟ್ಟವರು. ನನಗೆ ನೌಕರಿ ಸಿಕ್ಕ ವರ್ಷ ಈ ಕೆಲಸ ಬಿಡು ಎಂದು ಅಪ್ಪನಿಗೆ ಗಂಟುಬಿದ್ದೆ. ಮನೆಗೆ ಬಂದ ನನ್ನ ಗೆಳೆಯರು ಮೂಗು ಮುಚ್ಚಿಕೊಂಡಿದ್ದನ್ನು ನಾನು ಕಂಡಿದ್ದೆ. ತೂತು ಹಾಕುವ ಆರಿ, ತೊಗಲು ಕೊಯ್ಯುವ ರಂಪಿಗೆ ಎಲ್ಲ ತಿಪ್ಪೆಗೆ ಎಸೆ ಎಂದೆ. ಅಪ್ಪ ಎದುರಾಡಲಿಲ್ಲ. ಅವತ್ತಿನಿಂದ ಹದಿನಾಲ್ಕು ವರ್ಷ ಕಟ್ಟೆಯ ಮೇಲೆ ಸುಮ್ಮನೆ ಕೂತ. ಅದೇ ಅವನಿಗೆ ಸುಖ ಎಂದು ನಾನು ತಿಳಿದಿದ್ದೆ.

ಗಂಟು ಬಿಚ್ಚಿದಾಗ ಅಪ್ಪ ಕೊಂಬಿನ ಹಿಡಿಕೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಒರೆಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಒಮ್ಮೆ ಮೇಲಿಂದ ಕೆಳಗೆ, ಒಮ್ಮೆ ಕೆಳಗಿಂದ ಮೇಲೆ.

“ಇದು ನಮ್ಮಪ್ಪಂದು,” ಅಂದ.

“ಹೆಂಗ ಗೊತ್ತು ಯಪ್ಪಾ?”

“ಹೊಲಿಗಿ ನೋಡಲೇ. ಎಲ್ಲಾರ ಹೊಲಿಗಿ ಬಲಕ್ಕ ವಾಲ್ತದ, ಇದು ಎಡಕ್ಕ ವಾಲ್ಯದ. ಅಂವ ಎಡಚ. ಎಲ್ಲಾರು ಮುಗಿಸೋ ಕಡಿಂದ ಅಂವ ಸುರು ಮಾಡತಿದ್ದ. ಸುತ್ತ ನಾಕು ತಾಲೂಕಿನಾಗ ಇಂಥ ಕೈ ಇನ್ನೊಂದು ಇದ್ದಿದ್ದಿಲ್ಲ.”

ಅಜ್ಜನನ್ನು ನಾನು ನೋಡಿಲ್ಲ. ಅವನ ಫೋಟೊ ಇಲ್ಲ, ಎಲ್ಲಿಯೂ ಅವನ ಹೆಸರು ಬರೆದಿಲ್ಲ. ಅವನು ಹೊಲಿದ ಮೆಟ್ಟುಗಳು ಸವೆದು ಹೋಗಿದ್ದವು, ಚೀಲಗಳು ಬಾವಿಗಳಲ್ಲೇ ಹರಿದು ಹೋಗಿದ್ದವು. ಅವನ ಕೈಯದು ಎಂದು ಈ ಭೂಮಿಯ ಮೇಲೆ ಉಳಿದಿರುವುದು ಬಹುಶಃ ಇದೊಂದೇ ಎಂದು ನನಗೆ ಆಗ ಹೊಳೆಯಿತು.

“ನಾಯಕರು ಏನಂದ್ರು?” ಎಂದು ಅಪ್ಪ ಕೇಳಿದ.

“ಒರಿ ಹರಿದರ ಹರೀಲಿ ಅಂದಾರ.”

ಅಪ್ಪ ಗಂಟನ್ನು ಮೆಲ್ಲಗೆ ಮತ್ತೆ ಕಟ್ಟಿದ. ಕೊನೆಗೆ, “ಕೊಯ್ಯಾಕ ಬಿಡಬ್ಯಾಡ,” ಅಂದ. ನನ್ನ ಹತ್ತಿರ ಅವನು ಅಷ್ಟು ವರ್ಷಗಳಲ್ಲಿ ಕೇಳಿದ್ದು ಅದೊಂದೇ. ಇಲ್ಲಪ್ಪಾ ಎಂದು ಮಾತು ಕೊಟ್ಟೆ. ಅಲಗನ್ನು ಉಳಿಸಿಕೊಡುತ್ತೇನೆ ಎಂದು ಒಬ್ಬರಿಗೆ, ಒರೆಯನ್ನು ಉಳಿಸುತ್ತೇನೆ ಎಂದು ಇನ್ನೊಬ್ಬರಿಗೆ. ಎರಡೂ ಮಾತುಗಳನ್ನು ಒಂದೇ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಮರುದಿನ ರಾಯಚೂರು ಸ್ಟೇಷನ್ನಿನಲ್ಲಿ ಮುಂಬಯಿ ಮೇಲ್ ರೈಲು ಹತ್ತಿದೆ.

ಮುಂಬಯಿ

ವಾದಿರಾಜಾಚಾರ್ಯರ ಬಗ್ಗೆ ಹೇಳಬೇಕು. ಮಾನ್ವಿಯ ವೈಷ್ಣವರ ಮನೆಯವರು, ಅವರ ತಂದೆ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದವರು. ಅವರೂ ನಾನೂ ಹನ್ನೊಂದು ವರ್ಷ ಪಕ್ಕಪಕ್ಕದ ಮೇಜಿನಲ್ಲಿ ಕೂತಿದ್ದೇವೆ. ಆದರೆ ಅವರು ನಮ್ಮ ಮನೆಗೆ ಊಟಕ್ಕೆ ಬಂದಿಲ್ಲ, ನಾನೂ ಕರೆದಿಲ್ಲ. ನನ್ನ ಮನೆತನ ಯಾವುದೆಂದು ಅವರಿಗೆ ಗೊತ್ತಿತ್ತು. ಇಬ್ಬರೂ ಆ ಮಾತನ್ನು ಎತ್ತುತ್ತಿರಲಿಲ್ಲ. ಹೈದರಾಬಾದಿನಲ್ಲಿ ಸಂಜೆ ತರಗತಿಗೆ ಹೋಗಿ ಜರ್ಮನ್ ಕಲಿತಿದ್ದರಿಂದ ಪ್ರವಾಸದಲ್ಲಿ ಅವರೇ ನನ್ನ ಬಾಯಿ. ಅವರ ಸೂಟ್‌ಕೇಸಿನ ತುಂಬ ಅವಲಕ್ಕಿ, ಮೆಂತ್ಯದ ಹಿಟ್ಟು, ಚಟ್ನಿಪುಡಿ. ನನ್ನದರಲ್ಲಿ ಕತ್ತಿ.

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ಅವಲಕ್ಕಿಯನ್ನು ಬಿಟ್ಟು ಕತ್ತಿಯನ್ನು ಹಿಡಿದ. ಅಧ್ಯಯನಕ್ಕೆ ಒಯ್ದು ಮರಳಿ ತರುತ್ತೇವೆಂಬ ಕಾಗದ, ಒಯ್ಯಲು ಅಡ್ಡಿಯಿಲ್ಲವೆಂಬ ಸರ್ಕಾರದ ಕಾಗದ, ಎರಡನ್ನೂ ತೋರಿಸಿದೆ. ಅವನಿಗೆ ಕಾಗದ ಬೇಕಿರಲಿಲ್ಲ. ಹಿಡಿಕೆ ಹಿಡಿದು ಎಳೆದ, ಬರಲಿಲ್ಲ. ಇನ್ನೂ ಜೋರಾಗಿ ಎಳೆದ.

“ಒಳಗೇನಿದೆ?” ಎಂದು ಹಿಂದಿಯಲ್ಲಿ ಕೇಳಿದ.

“ಕತ್ತಿ ಸಾಬ್.”

“ಕತ್ತಿ ಆದರೆ ಹೊರಗೆ ಬರಬೇಕಲ್ಲ? ಒರೆಯೊಳಗೆ ಬೇರೆ ಏನೋ ತುಂಬಿದ್ದೀರಿ. ಕೊಯ್ದು ನೋಡಬೇಕು.”

ಅವನ ಸಹಾಯಕ ಬ್ಲೇಡು ತಂದೇಬಿಟ್ಟ. ಆಚಾರ್ಯರು ವಿಷ್ಣುಸಹಸ್ರನಾಮ ಶುರು ಮಾಡಿದರು. ನಿಜಾಮನ ಕಾಲದಿಂದ ಕಚೇರಿ ಕಂಡ ಊರಿನವನಾದ ನನಗೆ ಆ ಹೊತ್ತಿನಲ್ಲಿ ಎಲ್ಲಿಂದಲೋ ಬುದ್ಧಿ ಬಂತು. “ಕೊಯ್ಯಿರಿ ಸಾಬ್,” ಎಂದೆ. “ಆದರೆ ಹಳೆಯ ವಸ್ತುವನ್ನು ನಾನೇ ಕೊಯ್ದೆ, ಒಳಗೆ ಇಂಥದ್ದು ಸಿಕ್ಕಿತು ಎಂದು ನಿಮ್ಮ ಸಹಿಯಿರುವ ಒಂದು ಚೀಟಿ ಬರೆದುಕೊಡಿ. ನಾನು ಸರ್ಕಾರಕ್ಕೆ ತೋರಿಸಬೇಕು.”

ಬರೆದುಕೊಡಿ ಎಂದ ಕೂಡಲೇ ಅವನ ಕೈ ನಿಂತಿತು. ಕೊಯ್ಯುವುದು ಸುಲಭ, ಸಹಿ ಮಾಡುವುದು ಯಾರಿಗೂ ಬೇಡ. ಹಿಂದೆ ಸಾಲು ಬೆಳೆದಿತ್ತು. ಸಾಮಾನು ನೋಡುವ ಯಂತ್ರದೊಳಗೆ ಎರಡು ಸಲ ತೂರಿಸಿ, ಗೊಣಗಿಕೊಂಡು ನನ್ನ ಕೈಗೆ ಎಸೆದ.

ಸೋಲಿಂಗೆನ್

ಗುಡ್ಡದ ಮೇಲಿನ ಊರು. ಕೆಳಗೆ ಕಣಿವೆಯಲ್ಲಿ ಸಣ್ಣ ನದಿ, ನದಿಯ ದಂಡೆಗೆ ಹಿಂದಿನವರು ನೀರಿನ ಬಲದಿಂದ ಸಾಣೆಕಲ್ಲು ತಿರುಗಿಸುತ್ತಿದ್ದ ಹಳೆಯ ಮನೆಗಳು. ಮೇ ತಿಂಗಳಲ್ಲಿ ಗಾಳಿಯೇ ಕಾದು ಬರುವ ರಾಯಚೂರಿನಿಂದ ಹೋದ ನಮಗೆ ಆ ಒದ್ದೆ ಚಳಿ ಮೂಳೆಯೊಳಗೆ ಹೊಕ್ಕಿತು. ರಸ್ತೆಯಲ್ಲಿ ಒಂದೂ ಗಾಡಿ ಇಲ್ಲದಿದ್ದರೂ ಕೆಂಪು ದೀಪ ಇದ್ದರೆ ಜನ ನಿಂತಿರುತ್ತಿದ್ದರು. ಒಮ್ಮೆ ನಾವಿಬ್ಬರು ನಮ್ಮ ಊರಿನ ರೂಢಿಯಲ್ಲಿ ದಾಟಿದೆವು. ರಸ್ತೆಯ ಆಚೆ ಬದಿಯ ಮುದುಕಿಯೊಬ್ಬಳು ಛತ್ರಿ ಎತ್ತಿ ಏನೋ ಬೈದಳು.

“ಏನಂತಾಳ್ರಿ?” ಎಂದೆ.

“ನಮ್ಮನ್ನ ನೋಡಿ ಮಂದಿ ಕೆಡ್ತಾರಂತ, ಯಲ್ಲಪ್ಪನವ್ರೇ,” ಎಂದರು ಆಚಾರ್ಯರು. “ಖರೇನೇ ಹೇಳ್ಯಾಳ ಬಿಡ್ರಿ.”

ತರಬೇತಿ ಕೇಂದ್ರದವರು ನಮ್ಮ ಕತ್ತಿಯ ಸುದ್ದಿ ಕೇಳಿ ಕ್ಲೌಸ್ ಎಂಬ ಮುದುಕನ ಹತ್ತಿರ ಕಳಿಸಿದರು. ಹಳೆಯ ಅಲಗುಗಳನ್ನು ದುರಸ್ತಿ ಮಾಡುವುದೇ ಅವನ ಕಸುಬು. ಮಾತು ಕಡಿಮೆ. ಹನ್ನೆರಡು ಹೊಡೆದ ಕೂಡಲೇ ಕೈಯಲ್ಲಿದ್ದುದನ್ನು ಇಟ್ಟು ಬ್ರೆಡ್ಡು ತಿನ್ನುತ್ತಿದ್ದ. ನಾಲ್ಕಕ್ಕೆ ಬಾಗಿಲು ಹಾಕುತ್ತಿದ್ದ. ನಮ್ಮ ಕಡೆ ಇಂಥ ಕೆಲಸಗಾರನ ಅಂಗಡಿಯಲ್ಲಿ ಹತ್ತು ಜನ ಕೂತು ಹರಟೆ ಹೊಡೆಯುತ್ತಾರೆ. ಅವನ ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮೊದಲು ಅವನ ಕೈಯಲ್ಲಿದ್ದ ಹಳೆಯ ಕೆಲಸ ಮುಗಿಯಬೇಕೆಂದು ನಾವು ನಾಲ್ಕು ವಾರ ಕಾದೆವು.

ಕೊನೆಯ ವಾರದ ಮಂಗಳವಾರ ನಮ್ಮ ಸರದಿ ಬಂತು. ಕೇಂದ್ರದಲ್ಲಿ ಬೆಸುಗೆ ಪರೀಕ್ಷಿಸುವ ಎಕ್ಸ್‌ರೇ ಇತ್ತು. ಅದರಲ್ಲಿ ತೆಗೆದ ಚಿತ್ರವನ್ನು ಕ್ಲೌಸ್ ದೀಪದ ಮುಂದೆ ಹಿಡಿದ. ಮೂವತ್ತೈದು ವರ್ಷ ಯಾರೂ ಕಾಣದ ಅಲಗು ಕಂಡಿತು. ಬೇವಿನ ಎಲೆಯಂತೆ ಒಂದು ಪಕ್ಕಕ್ಕೆ ತುಸು ಬಾಗಿದ ಅಲಗು. ಹಿಡಿಕೆಯ ಹತ್ತಿರ ಕೊರಳು ಎರಡು ಬೆರಳಗಲ, ನಡುವೆ ಹೊಟ್ಟೆ ಮೂರು ಬೆರಳಗಲ, ತುದಿಗೆ ಮತ್ತೆ ಸಪೂರ. ಯಾಕೆ ಬರುತ್ತಿರಲಿಲ್ಲ ಎಂಬುದೂ ತಿಳಿಯಿತು. ಹಗೇವಿನ ತೇವಕ್ಕೆ ತೊಗಲು ನೆನೆದು, ಒಣಗಿ, ಕೊರಳಿನಲ್ಲಿ ಕುಗ್ಗಿ ಬಿಗಿದಿತ್ತು. ಅಗಲವಾದ ಹೊಟ್ಟೆ ಆ ಇಕ್ಕಟ್ಟನ್ನು ದಾಟುವ ಹಾಗಿರಲಿಲ್ಲ.

ಕ್ಲೌಸ್ ಇನ್ನೊಂದನ್ನು ಬೆರಳಿಟ್ಟು ತೋರಿಸಿದ. ಕೊರಳಿಗೆ ಅಡ್ಡಲಾಗಿ ಕೂದಲೆಳೆಯಷ್ಟು ತೆಳ್ಳನೆಯ ಒಂದು ಗೆರೆ.

“ಬಿರುಕು ಇರಬಹುದಂತ,” ಎಂದರು ಆಚಾರ್ಯರು. ಅವರ ಮುಖ ಸಪ್ಪಗಾಗಿತ್ತು. “ಎಳದ್ರೂ, ತಿರುವಿದ್ರೂ ಅಲ್ಲೇ ಮುರೀತದಂತ. ಒರಿ ಬೆನ್ನ ಮ್ಯಾಲ ಉದ್ದಕ್ಕ ಕೊಯ್ದು ಬಿಡಸ್ತೀನಿ, ಹತ್ತು ನಿಮಿಷದ ಕೆಲಸ ಅಂತಾನ.”

“ಹೊಲಿಗಿ ಬಿಚ್ಚಾಕ ಬರೂದಿಲ್ಲೇನು ಕೇಳ್ರಿ.”

ಒರೆಯ ಬಾಯಿಯ ಸುತ್ತ ಭೂತಗನ್ನಡಿ ಹಿಡಿದು ಹುಡುಕಿದ್ದೇನೆ, ದಾರದ ಕೊನೆ ಎಲ್ಲೂ ಇಲ್ಲ, ತೊಗಲಿನ ದಾರ ಉಬ್ಬಿ ತೂತುಗಳಲ್ಲಿ ಹೂತುಹೋಗಿದೆ ಎಂದ ಕ್ಲೌಸ್. ಆಮೇಲೆ ಅವನು ಹೇಳಿದ್ದನ್ನು ಆಚಾರ್ಯರು ನನಗೆ ಹೇಳಲು ಹಿಂಜರಿದರು. ಹೇಳಿ ಎಂದು ನಾನು ಒತ್ತಾಯಿಸಿದೆ. ತೊಗಲು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಒರೆಯೇ ಇಷ್ಟು ವರ್ಷ ಈ ಅಲಗನ್ನು ತಿನ್ನುತ್ತಿದೆ. ಒಳ್ಳೆಯ ಕಮ್ಮಾರನ ಕೆಲಸವನ್ನು ಕೆಟ್ಟ ಚಮ್ಮಾರ ಹಾಳು ಮಾಡಿದ್ದಾನೆ. ಕಬ್ಬಿಣ ಉಳಿಯಬೇಕೋ ತೊಗಲು ಉಳಿಯಬೇಕೋ ನೀವೇ ಹೇಳಿ ಎಂದಿದ್ದ ಅವನು.

ಮೇಜಿನ ಮೇಲೆ ತೆಳ್ಳನೆಯ ಚಾಕು ಸಿದ್ಧವಾಗಿತ್ತು. ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಯಾಕೆಂದರೆ ಅವನು ಹೇಳಿದ್ದು ನಿಜವಿರಬಹುದಿತ್ತು. ಕತ್ತಿ ನನ್ನದಲ್ಲ. ಅದರ ಒಡೆಯರು ಒರೆ ಹರಿಯಲಿ ಎಂದು ಬಾಯಿಬಿಟ್ಟು ಹೇಳಿದ್ದರು. ಹೊಲಿಗೆ ಬಿಚ್ಚಲು ಹೋಗಿ ಅಲಗು ಮುರಿದರೆ ಆ ಮುದುಕರ ಕಣ್ಣಿಗೆ ಏನು ತೋರಿಸಲಿ? ನ್ಯಾಯವಾಗಿ ನೋಡಿದರೆ ಕೊಯ್ಯಿ ಎನ್ನುವುದೇ ಸರಿಯಿತ್ತು.

“ಮೂರು ದಿನ ಕೊಡಾಕ ಹೇಳ್ರಿ,” ಎಂದೆ.

ಶುಕ್ರವಾರ ನಾಲ್ಕರವರೆಗೆ, ಅದರ ಮೇಲೆ ಒಂದು ನಿಮಿಷವೂ ಇಲ್ಲ ಎಂದ ಕ್ಲೌಸ್. ಶನಿವಾರ ನಮ್ಮ ವಿಮಾನ.

ಔಷಧದ ಅಂಗಡಿ

ಬೇಸಿಗೆಗೆ ಮುಂಚೆ ಅಪ್ಪ ನೀರಿನ ಚೀಲಗಳಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಕುಡಿಸುತ್ತಿದ್ದ. ಕಟ್ಟಿಗೆಯಂತಾದ ತೊಗಲು ಎರಡು ದಿನದಲ್ಲಿ ಬಟ್ಟೆಯಂತೆ ಮಡಚುತ್ತಿತ್ತು. ಅದು ನೆನಪಾಗಿ ಆ ಸಂಜೆಯೇ ಆಚಾರ್ಯರನ್ನು ಎಳೆದುಕೊಂಡು ಹೊರಟೆ. ನಮ್ಮಲ್ಲಿ ಗಾಣದವನ ಹತ್ತಿರ ಡಬ್ಬಿಗಟ್ಟಲೆ ಸಿಗುವ ಎಣ್ಣೆ ಅಲ್ಲಿ ಸಿಗುವುದು ಔಷಧದ ಅಂಗಡಿಯಲ್ಲಿ, ಹೊಟ್ಟೆ ಕಟ್ಟಿದವರಿಗೆಂದು, ಹೆಬ್ಬೆರಳಿನಷ್ಟು ಬಾಟಲಿಯಲ್ಲಿ. ಬಿಳಿ ಕೋಟಿನ ಹೆಣ್ಣುಮಗಳು ಒಂದು ಬಾಟಲಿ ಇಟ್ಟಳು. ಆಚಾರ್ಯರು ಎಂಟು ಕೇಳಿದರು. ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಕೇಳಿದಳು.

“ಎಷ್ಟು ದಿನ ಆತು ಅಂತ ಕೇಳಾಕತ್ತಾಳ,” ಎಂದರು, ಕಿವಿ ಕೆಂಪಾಗಿಸಿಕೊಂಡು. “ಮೂವತ್ತೈದು ವರ್ಷ ಅನ್ಲೇನು?”

ನಾನು ನಗುವ ಸ್ಥಿತಿಯಲ್ಲಿರಲಿಲ್ಲ, ಆದರೂ ನಕ್ಕೆ. ಅವಳು ಎಂಟು ಬಾಟಲಿ ಕೊಟ್ಟಳು, ಜೊತೆಗೆ ವೈದ್ಯರೊಬ್ಬರ ವಿಳಾಸವನ್ನೂ ಬರೆದುಕೊಟ್ಟಳು.

ಬುಧವಾರ, ಗುರುವಾರ ತರಗತಿ ಮುಗಿದ ಮೇಲೆ ಕ್ಲೌಸ್‌ನ ಕೋಣೆಗೆ ಹೋಗಿ ಹೊಲಿಗೆಗೆ ಎಣ್ಣೆ ತಿಕ್ಕಿದೆ. ತೊಗಲು ಮೆತ್ತಗಾಯಿತು. ಆದರೆ ದಾರದ ಕೊನೆ ಸಿಗಲಿಲ್ಲ. ಒರೆಯ ಬಾಯಿಯನ್ನು ಎಷ್ಟು ಸಲ ತಿರುವಿ ನೋಡಿದೆನೋ. ಹೊಲಿಗೆಯ ಗಂಟು ಬಾಯಿಯ ಹತ್ತಿರವೇ ಇರಬೇಕು, ಎಲ್ಲರೂ ತುದಿಯಿಂದ ಹೊಲಿಯುತ್ತ ಬಂದು ಬಾಯಿಯಲ್ಲಿ ಮುಗಿಸುತ್ತಾರೆ. ಗುರುವಾರ ಬಸ್ಸಿನಲ್ಲಿ ತಲೆ ಹಿಡಿದು ಕೂತಿದ್ದಾಗ ಅಪ್ಪನ ಮಾತು ಹೊಳೆಯಿತು. ಎಲ್ಲರೂ ಮುಗಿಸುವ ಕಡೆಯಿಂದ ಅಜ್ಜ ಶುರು ಮಾಡುತ್ತಿದ್ದ. ಹಾಗಾದರೆ ಅವನು ಮುಗಿಸುವುದು ತುದಿಯಲ್ಲಿ. ಒರೆಯ ತುದಿಗೆ ತೊಗಲಿನದೇ ಒಂದು ಪುಟ್ಟ ಟೋಪಿ ಇತ್ತು. ಅಂದಕ್ಕೆ ಹಾಕಿದ್ದು ಎಂದು ನಾವು ಮೂವರೂ ತಿಳಿದಿದ್ದೆವು. ಬಸ್ಸಿನಲ್ಲೇ ಎದ್ದು ನಿಂತುಬಿಟ್ಟೆ. ಯಾರೂ ಮಾತಾಡದ ಆ ಬಸ್ಸಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು.

ಶುಕ್ರವಾರ

ಕ್ಲೌಸ್‌ನ ಬಾಗಿಲಲ್ಲಿ ಎರಡು ಗಂಟೆಗೆ ಹಾಜರಾದೆವು. ಟೋಪಿಯನ್ನು ಎಣ್ಣೆ ಹಚ್ಚಿದ ಬೆರಳಿನಿಂದ ತಿರುವಿ ತಿರುವಿ ಕಳಚಿದೆ. ಅದರ ಕೆಳಗೆ ದಾರದ ಬಾಲ ಇತ್ತು. ಗಂಟಿಲ್ಲ. ಬಂದ ದಾರಿಯಲ್ಲೇ ಮೂರು ತೂತು ಹಿಂದಕ್ಕೆ ಪೋಣಿಸಿ ಒಳ ಸೇರಿಸಿದ್ದ ಅಜ್ಜ. ಕ್ಲೌಸ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

ನಾನು ಆರಿ ಕೇಳಿದೆ. ಅವನು ತನ್ನ ನಯವಾದ ಕೊಕ್ಕೆಗಳನ್ನು ಕೊಟ್ಟ. ಬೇಡ, ತೊಗಲಿಗೆ ತೂತು ಹಾಕುವ ಆರಿಯೇ ಬೇಕು ಎಂದೆ. ಹೈಸ್ಕೂಲಿಗೆ ಸೇರಿದ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ಕೈಗೆ ಬಂದ ಕೂಡಲೇ ಹಿಡಿ ಅಂಗೈಯಲ್ಲಿ ತಾನಾಗಿ ಕೂತಿತು. ಅದು ನನಗೆ ಸಂತೋಷವೋ ನಾಚಿಕೆಯೋ ತಿಳಿಯಲಿಲ್ಲ.

ಒಂದು ತೂತಿನಿಂದ ದಾರ ಎತ್ತಬೇಕು, ಎಣ್ಣೆ ಬಿಡಬೇಕು, ಮುಂದಿನದಕ್ಕೆ ಹೋಗಬೇಕು. ಒರೆ ಅಲುಗದಂತೆ ಇನ್ನೊಂದು ಜೊತೆ ಕೈ ಬೇಕಿತ್ತು. ಕ್ಲೌಸ್ ಹಿಡಿಕೆಯನ್ನು ಹಿಡಿದಿದ್ದ.

“ಆಚಾರ್ರೇ, ಹಿಡೀರಿ,” ಎಂದೆ. ಎಂದ ಮೇಲೆ ಯಾರಿಗೆ ಏನು ಹೇಳಿದೆ ಎಂದು ಗಾಬರಿಯಾಯಿತು.

ಅವರು ಒಂದು ಗಳಿಗೆ ತಡೆದರು. ಆಮೇಲೆ ಕೋಟಿನ ತೋಳು ಮಡಚಿ, ಎಣ್ಣೆ ಸುರಿಯುವ ತೊಗಲನ್ನು ಎರಡೂ ಕೈಯಿಂದ ಹಿಡಿದರು. “ಲಗೂನ ಮಾಡ್ರಿ, ವಾಸನಿಗೆ ತಲಿ ತಿರಗಾಕತ್ತದ,” ಎಂದರಷ್ಟೆ.

ತುದಿ ಬಿಟ್ಟಿತು, ಹೊಟ್ಟೆ ಬಿಟ್ಟಿತು. ಮೂರೂವರೆಗೆ ಕೊರಳಿಗೆ ಬಂದೆ. ಇನ್ನು ಎಂಟು ತೂತು. ಇಲ್ಲಿ ತೊಗಲು ಅಲಗನ್ನು ಕಚ್ಚಿ ಹಿಡಿದಿತ್ತು, ಎಕ್ಸ್‌ರೇಯ ಗೆರೆ ಸರಿಯಾಗಿ ಅದರ ಕೆಳಗೇ ಇತ್ತು. ಐದನೆಯ ತೂತಿಗೆ ದಾರ ಬರಲೊಲ್ಲದು. ಆರಿ ಒತ್ತಿ ಎತ್ತಿದೆ. ಟಕ್ ಎಂದು ಸದ್ದಾಯಿತು.

ಮುರಿಯಿತು ಎಂದುಕೊಂಡೆ. ನಾಯಕರ ಮುಖ, ಅವರ ಪೊರೆ ಬಂದ ಕಣ್ಣು ಎದುರಿಗೆ ಬಂದು ನಿಂತವು. ಯಾರದೋ ಆಸ್ತಿಯನ್ನು ನನ್ನ ಹಟಕ್ಕೆ ಬಲಿ ಕೊಟ್ಟೆ ಎಂದು ಆರಿಯನ್ನು ಕೆಳಗಿಟ್ಟೆ. ಕ್ಲೌಸ್ ಹಿಡಿಕೆಯನ್ನು ಕೂದಲಿನಷ್ಟು ಎತ್ತಿ ನೋಡಿದ. ಅಲಗು ಜೊತೆಗೇ ಎದ್ದಿತು. ಕಡಿದದ್ದು ದಾರ.

ಉಳಿದ ತೂತುಗಳು ಎಳೆದ ಹಾಗೆ ಬಂದವು. ಒರೆಯನ್ನು ಪುಸ್ತಕದ ಹಾಗೆ ಬಿಡಿಸಿದಾಗ ಅಲಗು ಅದರ ನಡುವೆ ಮಲಗಿತ್ತು.

ಒಳಗಿನ ತೊಗಲಿಗೆ ಕೂದಲು ಹಾಗೇ ಇತ್ತು. ಮೇಕೆಯ ತೊಗಲನ್ನು ಕೂದಲು ತೆಗೆಯದೆ ಒಳಮೈ ಮಾಡಿ, ಕೂದಲಿನ ಇಳಿತ ತುದಿಯ ಕಡೆಗೆ ಬರುವಂತೆ ಹೊಲಿದಿದ್ದ ಅಜ್ಜ. ಕತ್ತಿ ಒಳಗೆ ಹೋಗುವಾಗ ಸರಾಗ, ಓಡುವಾಗ ಜಾರಿ ಬೀಳುವುದಿಲ್ಲ, ಎಳೆದಾಗ ಬೇಟೆಗೆ ಸದ್ದು ಕೇಳುವುದಿಲ್ಲ. ಕೂದಲು ಹಿಂದಿನ ಕಾಲದ ಎಣ್ಣೆಯನ್ನು ಇನ್ನೂ ಹೀರಿಕೊಂಡಿತ್ತು. ಎಲ್ಲೆಲ್ಲಿ ಕೂದಲು ಉಳಿದಿತ್ತೋ ಅಲ್ಲೆಲ್ಲ ಅಲಗು ನಿರ್ಮಲವಾಗಿತ್ತು. ಹುಳು ತಿಂದು ಕೂದಲು ಉದುರಿದ ಎರಡು ಕಡೆ ಮಾತ್ರ ತುಕ್ಕು.

ಕ್ಲೌಸ್ ಅಲಗನ್ನು ಬಹಳ ಹೊತ್ತು ನೋಡಿದ. ಬೆನ್ನು ಹಿಡಿಕೆಯ ಹತ್ತಿರ ದಪ್ಪ, ತುದಿಗೆ ಹೋಗುತ್ತ ಎಲ್ಲಿಯೂ ಏರುಪೇರಿಲ್ಲದೆ ತೆಳುವಾಗಿತ್ತು. ಕೈಯ ಅರದಲ್ಲಿ ಉಜ್ಜಿದ ಗೆರೆಗಳು ಒಂದೇ ಓರೆಯಲ್ಲಿದ್ದವು. ಬಿರುಕು ಎಂದುಕೊಂಡ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ ಅವನು ಮೊದಲ ಸಲ ನಕ್ಕ. ಹಿಡಿಕೆಯೊಳಗಿನ ಮೆದು ಕಬ್ಬಿಣಕ್ಕೆ ಅಲಗಿನ ಗಟ್ಟಿ ಉಕ್ಕನ್ನು ಬೆಸೆದ ಜೋಡು ಅದು. ಪೆಟ್ಟು ಬಿದ್ದರೆ ಮೆದು ಕಬ್ಬಿಣ ತಾಳಿಕೊಳ್ಳುತ್ತದೆ, ಉಕ್ಕು ಮುರಿಯುವುದಿಲ್ಲ. ಇದನ್ನೇ ನಾನು ತರಗತಿಯಲ್ಲಿ ಹಲಗೆಯ ಮೇಲೆ ಬರೆದು ಕಲಿಸುತ್ತೇನೆ.

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಅವನು ಬಾಗಿಲು ಹಾಕಲು ಏಳಲಿಲ್ಲ. ಒರೆಯ ಕೂದಲಿನ ಮೇಲೆ ಕೈಯಾಡಿಸಿ ಆಚಾರ್ಯರಿಗೆ ಏನೋ ಹೇಳಿದ.

“ಚಮ್ಮಾರನ ಬಗ್ಗೆ ಆಡಿದ ಮಾತು ತಪ್ಪಾತು ಅಂತಾನ. ಅಲಗು ಉಳದದ್ದು ಅವನಿಂದ್ಲೇ ಅಂತ. ಒರಿ ಮಾಡಿದವನ ಹೆಸರು ಗೊತ್ತದೇನು ಅಂತ ಕೇಳ್ತಾನ, ಬರಕೊಳ್ಳಾಕ.”

“ದುರುಗಪ್ಪ,” ಎಂದೆ. “ನಮ್ಮಜ್ಜ.”

ಹನ್ನೊಂದು ವರ್ಷದಲ್ಲಿ ಆಚಾರ್ಯರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು. ಅವರು ನನ್ನನ್ನು ನೋಡಿದರು, ಆಮೇಲೆ ಕ್ಲೌಸ್‌ನ ಕಡೆ ತಿರುಗಿ ಅಕ್ಷರ ಅಕ್ಷರವಾಗಿ ಹೆಸರು ಬರೆಸಿದರು. ನನಗೆ ಅಳು ಬಂತು. ಕೈಗೆಲ್ಲ ಎಣ್ಣೆ, ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

ಮತ್ತೆ ದೇವದುರ್ಗ

ನಾಯಕರು ಅಲಗನ್ನು ಹಿಡಿದು ಬಾಗಿಲ ಬಿಸಿಲಿಗೆ ಹೋದರು. ಕಣ್ಣಿಗೆ ಇಷ್ಟು ಹತ್ತಿರ ತಂದು, ಓರೆ ಮಾಡಿ, ನೇರ ಮಾಡಿ ನೋಡಿದರು.

“ಕಾಣ್ತದ ಮಾಸ್ತರ,” ಎಂದರು. “ಹೊಳಪು ಕಾಣ್ತದ.” ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

ನಾನು ಅಲ್ಲಿಗೇ ಎದ್ದು ಬರಬಹುದಿತ್ತು. ಆದರೆ ಎದೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಕೊಯ್ದರೆ ಹತ್ತು ನಿಮಿಷದ ಕೆಲಸವಿತ್ತು, ನಾನು ಬೇಡವೆಂದೆ, ನಿಮ್ಮ ಅಲಗು ಮುರಿಯಬಹುದಿತ್ತು ಎಂದು ಎಲ್ಲವನ್ನೂ ಹೇಳಿದೆ.

ಅವರ ಮುಖ ಬಿಗಿಯಿತು. “ಒಂದು ತುಂಡು ತೊಗಲಿಗಾಗಿ?”

“ಅದನ್ನ ಹೊಲಿದಾವ ನಮ್ಮಜ್ಜರಿ. ಹಿರೇಕೊಟ್ನೆಕಲ್ ದುರುಗಪ್ಪ.”

ನಾನು ಕುರ್ಚಿಯ ಮೇಲೆ ಕೂತಿದ್ದೆ, ಚಹಾದ ಕಪ್ಪು ಕೈಯಲ್ಲಿತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

“ಎಡಗೈ ದುರುಗ,” ಎಂದರು ನಾಯಕರು. “ನೋಡೀನಿ. ನಾ ಆಗ ಸಣ್ಣಾವ. ಅಂಗಳದಾಗ ಹುಣಸಿ ಗಿಡದ ಕೆಳಗ ಕುಂತು ಕತ್ತಿ ಅಳತಿ ತಗೊಂಡಿದ್ದ. ಈ ಪಡಸಾಲಿ ಹತ್ತಿದಾವಲ್ಲ ಅಂವ.” ಅಲಗನ್ನು ಬಿಸಿಲಿಗೆ ಇನ್ನೊಮ್ಮೆ ತಿರುವಿದರು. “ಸಿಟ್ಟು ಬಂದದ ನನಗ, ಸುಳ್ಳು ಯಾಕ ಹೇಳ್ಲಿ. ನನ್ನ ಅಲಗಿನ ಮ್ಯಾಲ ಆಟ ಆಡೀರಿ. ಏನು ಬೇಕು ನಿಮಗ?”

“ಒರಿ ನನಗ ಕೊಡ್ರಿ.”

ಅವರು ಕೈಯಾಡಿಸಿ ಒರೆಯನ್ನು ಹುಡುಕಿ, ಸುರುಳಿ ಸುತ್ತಿ, ನನ್ನ ಕೈಗೆ ಕೊಟ್ಟರು. ಅಲಗನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡರು.

ಮನೆ

ಗಾಜು ಹಾಕಿಸಿದ ಕಟ್ಟಿನಲ್ಲಿ ಬುದ್ಧನ ಪಟದ ಪಕ್ಕ ಅದನ್ನು ತೂಗುಹಾಕಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಮನೆಗೆ ಹೋದೆ. ಅಪ್ಪ ಒರೆಯನ್ನು ತೊಡೆಯ ಮೇಲೆ ಬಿಡಿಸಿದ. ಕೂದಲು ಸವರಿದ. ಒಂದೊಂದು ತೂತನ್ನೂ ಮುಟ್ಟಿ ನೋಡಿದ.

“ಕತ್ತಿ ಎಲ್ಲದ?” ಎಂದ.

“ನಾಯಕರ ಮನ್ಯಾಗ. ವಲ್ಲಿ ಸುತ್ತಿ ಇಟ್ಟಾರ.”

“ವಲ್ಲಿ?” ಅಪ್ಪ ತಲೆ ಎತ್ತಿದ. “ಮತ್ತ ಒರಿ ನೀ ಯಾಕ ತಂದಿ?”

“ಅಜ್ಜಂದಲ್ಲ ಯಪ್ಪಾ. ನಮ್ಮ ಮನ್ಯಾಗ ಇರಲಿ ಅಂತ.”

“ಇಟಗೊಂಡು ಏನು ಮಾಡ್ತಿ? ನಮ್ಮಪ್ಪ ಇದನ್ನ ನಮಗಂತ ಹೊಲಿದಿದ್ದಿಲ್ಲಲೇ, ಆ ಕತ್ತಿಗಂತ ಹೊಲಿದಿದ್ದ. ವಲ್ಲಿಯಾಗ ಸುತ್ತಿದ್ರ ಎರಡು ಮಳಿಗಾಲಕ್ಕ ತುಕ್ಕು ತಿಂತದ.”

ಎದ್ದು ಅಟ್ಟದ ಮೇಲೆ ಕೈ ಹಾಕಿ ಒಂದು ತಗಡಿನ ಡಬ್ಬಿ ಇಳಿಸಿದ. ಆರಿ, ರಂಪಿಗೆ, ಮೇಣ ಎಲ್ಲ ಅದರಲ್ಲಿದ್ದವು. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ. ಎರಡು ದಿನ ಅವನು ಕಟ್ಟೆಯ ಮೇಲೆ, ಬೀದಿಯಲ್ಲಿ ಹೋಗುವವರೆಲ್ಲರ ಕಣ್ಣೆದುರಿಗೆ, ಹೊಸ ದಾರ ಹಾಕಿ ಒರೆ ಹೊಲಿದ. ಮೂರನೆಯ ದಿನ ತೊಳೆದ ಧೋತರ ಉಟ್ಟು, “ನಡಿ, ದೇವದುರ್ಗಕ್ಕ ನಾನೂ ಬರ್ತೀನಿ,” ಅಂದ.

ಆ ಮನೆಯ ಅಂಗಳಕ್ಕೆ ಬಂದಾಗ ಅಪ್ಪನ ಕಾಲು ತಾನಾಗಿ ಹುಣಸೆ ಗಿಡದ ಕೆಳಗೆ ನಿಂತಿತು. ನಾನೂ ಅವನ ಪಕ್ಕಕ್ಕೆ ನಿಂತೆ. ಒಳಗಿಂದ ನಾಯಕರು ಯಾರದು ಎಂದರು. ನಾನು ಹೇಳಿದೆ.

“ದುರುಗನ ಮಗ ಏನು? ಮ್ಯಾಲ ಬರ್ರಿ. ಅಷ್ಟು ದೂರದಿಂದ ನನಗ ಕಾಣೂದಿಲ್ಲ.”

ಅಪ್ಪ ಮೆಟ್ಟಿಲು ಹತ್ತಿದ. ಕುರ್ಚಿಯ ಮೇಲೆ ಕೂಡಲಿಲ್ಲ, ನೆಲದ ಮೇಲೆ ಕೂತು ಕತ್ತಿಗಾಗಿ ಕೈ ಚಾಚಿದ. ನಾಯಕರು ವಲ್ಲಿ ಬಿಚ್ಚಿ ಹಿಡಿಕೆಯನ್ನು ಅವನ ಕಡೆ ಮಾಡಿ ಕೊಟ್ಟರು. ಅಪ್ಪ ಅಲಗನ್ನು ಒರೆಗೆ ಇಳಿಸಿದ, ಎಳೆದ, ಮತ್ತೆ ಇಳಿಸಿದ. ತಲೆ ಕೆಳಗೆ ಮಾಡಿ ಅಲ್ಲಾಡಿಸಿದ. ಬೀಳಲಿಲ್ಲ.

“ಕೂತದೇನು?” ಎಂದರು ನಾಯಕರು.

“ಕೂತದರಿ. ಹೊಸ ದಾರ ಅದ, ಒಂದು ಮಳಿಗಾಲ ಆದ ಮ್ಯಾಲ ಸಡಲಾಗತದ. ಹೇಳಿ ಕಳಸ್ರಿ, ಬಂದು ಬಿಗದು ಕೊಡ್ತೀನಿ,” ಎಂದ ಅಪ್ಪ. ಆಮೇಲೆ ನಾಯಕರ ಕಾಲ ಬಳಿ ಇದ್ದ ಮೆಟ್ಟನ್ನು ಎತ್ತಿಕೊಂಡು, ಅದರ ಹರಿದ ಬಾರನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, “ಇದನ್ನ ಯಾವ ಹೊಲಸು ಕೈಯಾವ ಹೊಲದಾನ್ರಿ?” ಎಂದು ಕೇಳಿದ.

ನಾನು ಅಲ್ಲೇ ನಿಂತಿದ್ದೆ. ಬ್ಯಾಡ ಯಪ್ಪಾ ಎನ್ನಲು ಈ ಸಲ ಬಾಯಿ ಬರಲಿಲ್ಲ.